ಸ್ಪೀಕರ್ ಬ್ರ್ಯಾಂಡ್ ಆಮೇಲೆ, ಮೊದಲು ಬಾಗಿಲು ನೋಡಿ

ಕಾರಿಗೆ ಯಾವ ಸ್ಪೀಕರ್ ಹಾಕಿಸಲಿ ಅಂತ ಕೇಳುವವರು ಬೇಕಾದಷ್ಟು ಜನ. ಜೆಬಿಎಲ್ಲಾ, ಪಯನೀರಾ, ಸೋನಿನಾ ಅಂತ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಅದನ್ನು ಕೂರಿಸುವ ಬಾಗಿಲಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ. ನೀಟಾಗಿ ಕೆಲಸ ಮಾಡಿದ ಬಾಗಿಲಿನಲ್ಲಿ ಕೂತ ಸಾಧಾರಣ ಸ್ಪೀಕರ್, ಗಡಿಬಿಡಿಯಲ್ಲಿ ತುರುಕಿದ ದುಬಾರಿ ಸ್ಪೀಕರ್‌ಗಿಂತ ಎಷ್ಟೋ ಚೆನ್ನಾಗಿ ಕೇಳಿಸುತ್ತದೆ. ಎರಡೂ ಥರದ ಕಾರಿನಲ್ಲಿ ಕೂತು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.

ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತದೆ ಅಲ್ವಾ? ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಸ್ಪೀಕರಿನ ಕೋನ್ ಮುಂದೆ ಗಾಳಿ ತಳ್ಳುವಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆಯುತ್ತದೆ. ಮುಂದಿನ ಸದ್ದು, ಹಿಂದಿನ ಸದ್ದು ಎರಡೂ ಬೆರೆತರೆ ಬಾಸ್, ಅಂದರೆ ತಗ್ಗಿನ ದಪ್ಪ ಸದ್ದು, ಸತ್ತೇ ಹೋಗುತ್ತದೆ. ತಬಲಾ ಕೇಳಿದರೆ ಬಲಗೈ ಮಾತ್ರ ಕೇಳಿಸಿ, ಡಗ್ಗ ಎಲ್ಲೋ ಕಳೆದುಹೋಗಿರುತ್ತದೆ. ಬಾಗಿಲ ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿರುತ್ತವೆ. ಹೊರಗಿನ ತಗಡೋ ತೆಳ್ಳಗೆ, ಬೆರಳಲ್ಲಿ ತಟ್ಟಿದರೆ ಡಬ್ಬದ ಸದ್ದು. ಇಂಥ ಬಾಗಿಲಿಗೆ ಹಾಗೇ ಸ್ಪೀಕರ್ ಹಾಕುವುದು ತಳ ಇಲ್ಲದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಈ ಕೆಲಸ ಮಾಡುವವರ ಕೈಚಳಕ ನೋಡಿ ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ಬಾಗಿಲ ಪ್ಯಾನೆಲ್, ಅಂದರೆ ಒಳಬದಿಯ ಹೊದಿಕೆಯನ್ನು, ಕಣ್ಣು ಮುಚ್ಚಿ ಬಿಚ್ಚುತ್ತಾರೆ. ಆದರೆ ಹಿಂದೆ ಇನ್ನೂ ನಾಲ್ಕು ಕಾರು ಕಾಯುತ್ತಿದ್ದರೆ ಯಾರೇ ಆದರೂ ಅವಸರ ಮಾಡುತ್ತಾರೆ. ಹಾಗಾಗಿ ಟೀ ಕುಡಿಯಲು ಹೋಗಬೇಡಿ, ಪಕ್ಕದಲ್ಲೇ ನಿಂತು ನೋಡಿ. ತಾಳ್ಮೆ ಇರುವವರು ಮನೆಯಲ್ಲೇ ಮಾಡಿ ಅನ್ನುತ್ತೇನೆ. ಒಂದು ಸ್ಕ್ರೂಡ್ರೈವರ್, ಪ್ಯಾನೆಲ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಒಂದು ಭಾನುವಾರ ಇದ್ದರೆ ಸಾಕು.

ಸ್ಕ್ರೂಗಳು ಅಡಗಿ ಕೂತಿರುತ್ತವೆ. ಬಾಗಿಲು ತೆಗೆಯುವ ಹ್ಯಾಂಡಲಿನ ಹಿಂದೆ ಚಿಕ್ಕ ಮುಚ್ಚಳದ ಕೆಳಗೆ ಒಂದು, ಎಳೆದುಕೊಳ್ಳುವ ಹಿಡಿಯ ಗುಳಿಯಲ್ಲಿ ಒಂದೆರಡು. ಯಾವ ಕಾರಿನಲ್ಲಿ ಎಲ್ಲೆಲ್ಲಿ ಅಂತ ಆ ಮಾಡೆಲ್‌ನ ವಿಡಿಯೋ ನೋಡಿಕೊಳ್ಳಿ. ಒಂದು ಸ್ಕ್ರೂ ಉಳಿದಿದ್ದರೂ ಎಳೆದಾಗ ಪ್ಯಾನೆಲ್ ಸೀಳುತ್ತದೆ. ಸ್ಕ್ರೂ ಎಲ್ಲಾ ಬಿಚ್ಚಿದ ಮೇಲೆ ಕೆಳಗಿನ ಅಂಚಿನಿಂದ ಪಟ್ಟಿ ತೂರಿಸಿ ಎಬ್ಬಿಸಬೇಕು. ಟಪ್ ಅಂತ ಮೊದಲ ಕ್ಲಿಪ್ ಬಿಟ್ಟಾಗ ಏನೋ ಮುರಿಯಿತು ಅಂತಲೇ ಅನಿಸುತ್ತದೆ. ಗಾಬರಿ ಬೇಡ, ಅದರ ಸದ್ದೇ ಹಾಗೆ. ಒಂದೆರಡು ಕ್ಲಿಪ್ ನಿಜಕ್ಕೂ ಮುರಿಯುತ್ತವೆ, ಹಳೆ ಕಾರಿನಲ್ಲಿ ಇನ್ನೂ ಜಾಸ್ತಿ. ಮೊದಲೇ ಹತ್ತು ಕ್ಲಿಪ್ ತಂದಿಟ್ಟುಕೊಳ್ಳಿ. ಮುರಿದ ಜಾಗ ಖಾಲಿ ಬಿಟ್ಟರೆ ಆಮೇಲೆ ಪ್ರತಿ ಹಾಡಿಗೂ ಆ ಮೂಲೆ ಗರಗರ ಅನ್ನುತ್ತದೆ. ಬಹಳ ಕಾರುಗಳಲ್ಲಿ ಕೊನೆಗೆ ಪ್ಯಾನೆಲನ್ನು ಮೇಲಕ್ಕೆ ಎತ್ತಿದರೆ ಗ್ಲಾಸಿನ ಅಂಚಿನಿಂದ ಬಿಡಿಸಿಕೊಳ್ಳುತ್ತದೆ. ಆಗ ಜೋರಾಗಿ ಎಳೆಯಬೇಡಿ. ಹಿಂದೆ ಪವರ್ ವಿಂಡೋ ವೈರು, ಹ್ಯಾಂಡಲಿನ ಕೇಬಲ್ಲು ಇನ್ನೂ ಸಿಕ್ಕಿಕೊಂಡಿರುತ್ತವೆ.

ಈಗ ಕಣ್ಣಿಗೆ ಬೀಳುವುದು ಒಂದು ಪ್ಲಾಸ್ಟಿಕ್ ಹಾಳೆ. ಸುತ್ತ ಕರಿ ಅಂಟು. ಈ ಹಾಳೆಯ ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಎಷ್ಟೋ ಕಡೆ ಅದನ್ನು ಬ್ಲೇಡಿನಲ್ಲಿ ಸೀಳಿ ಬಿಸಾಕುತ್ತಾರೆ. ಮಳೆ ಬಂದಾಗ ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಮಾಮೂಲು. ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗಲಿ ಅಂತಲೇ ಕಂಪನಿ ಬಾಗಿಲನ್ನು ಹಾಗೆ ಮಾಡಿರುವುದು. ಆ ನೀರು ಕಾರಿನ ಒಳಗೆ ಬರದಂತೆ ತಡೆಯುವುದು ಈ ಹಾಳೆ. ಉಡುಪಿಯಲ್ಲಿರುವ ನನ್ನ ಚಿಕ್ಕಪ್ಪ ಬೇಸಿಗೆಯಲ್ಲಿ ಒಂದು ಅಂಗಡಿಯಲ್ಲಿ ಸ್ಪೀಕರ್ ಬದಲಾಯಿಸಿದರು. ಜೂನ್ ಬಂದದ್ದೇ ಕಾಲಡಿಯ ಕಾರ್ಪೆಟ್ ಒದ್ದೆ, ಕಾರಿನ ತುಂಬಾ ಮುಗ್ಗಲು ವಾಸನೆ. ಮುಂದಿನ ಗಾಜು ಸೋರುತ್ತಿದೆ ಅಂತ ಅದರ ರಬ್ಬರ್ ಬದಲಾಯಿಸಿದ್ದೂ ಆಯಿತು. ಕೊನೆಗೆ ಬಾಗಿಲು ಬಿಚ್ಚಿ ನೋಡಿದರೆ ಅರ್ಧ ಹಾಳೆಯೇ ಇಲ್ಲ. ಸುಮ್ನೆ ದುಡ್ಡು ದಂಡ. ಹಾಳೆ ಬಿಡಿಸಬೇಕಾದರೆ ಹೇರ್ ಡ್ರೈಯರಿನಿಂದ ಅಂಟನ್ನು ಬೆಚ್ಚಗೆ ಮಾಡಿ. ಮೆತ್ತಗಾಗಿ ನೂಲಿನಂತೆ ಎಳೆಯುತ್ತಾ ಬಿಡುತ್ತದೆ. ಅದೇ ಅಂಟಿನ ಮೇಲೆ ಮತ್ತೆ ಒತ್ತಿ ಕೂರಿಸಬಹುದು. ಮುಟ್ಟಿದ ಕೈ ಮಾತ್ರ ಸೀಟಿಗೆ ತಾಗಿಸಬೇಡಿ.

ಹಳೆ ಸ್ಪೀಕರ್ ಸ್ಕ್ರೂನಲ್ಲಿ ಕೂತಿದ್ದರೆ ಸುಲಭ. ಪೋಲೊದಂಥ ಕಾರುಗಳಲ್ಲಿ ರಿವೆಟ್ ಹೊಡೆದಿರುತ್ತಾರೆ, ಡ್ರಿಲ್ ಮಾಡಿಯೇ ತೆಗೆಯಬೇಕು. ಆಗ ಬೀಳುವ ಕಬ್ಬಿಣದ ಚೂರುಗಳನ್ನು ವ್ಯಾಕ್ಯೂಮ್ ಹಾಕಿ ತೆಗೆಯಲೇಬೇಕು. ಬಿಟ್ಟರೆ ಅಲ್ಲೇ ತುಕ್ಕು ಹಿಡಿಯುತ್ತವೆ, ಹೊಸ ಸ್ಪೀಕರಿನ ಮ್ಯಾಗ್ನೆಟ್‌ಗೂ ಹೋಗಿ ಅಂಟಿಕೊಳ್ಳುತ್ತವೆ. ಸ್ಪೀಕರ್ ಕೂರುವ ರಿಂಗ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ತೇವಕ್ಕೆ ಉಬ್ಬುತ್ತದೆ. ಪ್ಲಾಸ್ಟಿಕ್ ರಿಂಗ್ ವಾಸಿ. ವೈರ್ ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿಗೆ ಹೊಂದುವ ಕಪ್ಲರ್, ಅಂದರೆ ವೈರ್ ಕತ್ತರಿಸದೆ ಜೋಡಿಸುವ ಪ್ಲಗ್, ಹಾಕಿದರೆ ನಾಳೆ ವಾರಂಟಿ ವಿಷಯದಲ್ಲಿ ತಕರಾರು ಬರುವ ಸಾಧ್ಯತೆ ಕಡಿಮೆ. ಪ್ಲಸ್ ಮೈನಸ್ ಎರಡು ಸಲ ನೋಡಿ. ಒಂದು ಕಡೆ ಉಲ್ಟಾ ಆದರೂ ಬಾಸ್ ಮಾಯ. ಪ್ಯಾನೆಲ್ ಮುಚ್ಚುವ ಮುಂಚೆ ಗ್ಲಾಸ್ ಪೂರ್ತಿ ಇಳಿಸಿ ನೋಡಿ. ಹೊಸ ಸ್ಪೀಕರಿನ ಮ್ಯಾಗ್ನೆಟ್ ದಪ್ಪ ಇದ್ದರೆ ಗ್ಲಾಸ್ ಅದಕ್ಕೇ ಬಡಿಯುತ್ತದೆ.

ದುಡ್ಡು ಹಾಕಬೇಕಾದದ್ದು ತಗಡು ಅದುರದಂತೆ ಅಂಟಿಸುವ ಡ್ಯಾಂಪಿಂಗ್ ಶೀಟಿಗೆ. ಒಂದು ಕಡೆ ಅಲ್ಯುಮಿನಿಯಂ, ಇನ್ನೊಂದು ಕಡೆ ಬ್ಯುಟೈಲ್ ರಬ್ಬರ್ ಇರುವುದೇ ಬೇಕು. ಅಗ್ಗದ ಡಾಂಬರ್ ಶೀಟ್ ಬಿಸಿಲಿಗೆ ವಾಸನೆ ಬರುತ್ತದೆ, ಜಾರುತ್ತದೆ. ಹೊರಗಿನ ತಗಡಿಗೆ ಪೂರ್ತಿ ಹಚ್ಚಬೇಕಿಲ್ಲ, ನಡುವಿನ ಕಾಲು ಭಾಗಕ್ಕೆ ಹಚ್ಚಿ ರೋಲರ್‌ನಿಂದ ಒತ್ತಿದರೂ ಡಬ್ಬದ ಸದ್ದು ಅಡಗುತ್ತದೆ. ಒಳಗಿನ ತಗಡಿನ ತೂತುಗಳನ್ನು ಮುಚ್ಚಿ, ನೀರು ಹೋಗುವ ಕೆಳಗಿನ ತೂತುಗಳನ್ನು ಮಾತ್ರ ಮುಟ್ಟಬೇಡಿ. ಕೆಲಸ ಮುಗಿದ ಬಾಗಿಲನ್ನು ಮುಚ್ಚಿ ನೋಡಿ. ಧಪ್ ಅಂತ ಗಟ್ಟಿ ಸದ್ದು ಬರುತ್ತದೆ, ದೊಡ್ಡ ಕಾರಿನ ಬಾಗಿಲಿನ ಹಾಗೆ.

ಒಂದು ಎಚ್ಚರಿಕೆ ಇದೆ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಸೈಡ್ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಡಿಕ್ಕಿ ಗುರುತಿಸುವ ಸೆನ್ಸರ್ ಮುಂದಿನ ಬಾಗಿಲೊಳಗೇ ಇರುತ್ತದೆ. ಬಾಗಿಲು ಜಜ್ಜಿದಾಗ ಒಳಗಿನ ಗಾಳಿಯ ಒತ್ತಡ ಏರುವುದನ್ನು ಅದು ಗಮನಿಸುತ್ತದೆ. ಅಂಥ ಬಾಗಿಲಿನ ತೂತುಗಳನ್ನು ಮುಚ್ಚುವುದೂ ಬೇಡ, ಹೊಸದಾಗಿ ಕೊರೆಯುವುದೂ ಬೇಡ. ಕಂಪನಿ ಹಾಳೆಯನ್ನೇ ಇದ್ದ ಹಾಗೆ ಕೂರಿಸಿ. ನಿಮ್ಮ ಕಾರಿನಲ್ಲಿ ಸೆನ್ಸರ್ ಎಲ್ಲಿದೆ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಕೈ ಹಾಕಿ. ಬಿಚ್ಚುವ ಮುಂಚೆ ಬ್ಯಾಟರಿಯ ಮೈನಸ್ ತೆಗೆದಿಡಿ.

ಸ್ಪೀಕರ್ ಆರಿಸುವಾಗ ಡಬ್ಬದ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆ ನೋಡಿ ಮರುಳಾಗಬೇಡಿ. ಅದು ಪೀಕ್, ಅಂದರೆ ಒಂದು ಕ್ಷಣ ಮಾತ್ರ ತಾಳುವ ಪವರ್. ಆರ್‌ಎಂಎಸ್ (ಸತತವಾಗಿ ತಾಳುವ ಪವರ್) ಎಷ್ಟು, ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಅಳತೆ) ಎಷ್ಟು ಅಂತ ಓದಿ. ಬೇರೆ ಆಂಪ್ಲಿಫೈಯರ್ ಇಲ್ಲದೆ ಕಾರಿನ ಸ್ಟೀರಿಯೋದಿಂದಲೇ ಓಡಿಸುವುದಾದರೆ ಅದು ಒಂದೊಂದು ಸ್ಪೀಕರ್‌ಗೆ ನಿಜವಾಗಿ ಕೊಡುವುದು ಸುಮಾರು 20 ವ್ಯಾಟ್ ಅಷ್ಟೇ. ಸೆನ್ಸಿಟಿವಿಟಿ 90 ಡೆಸಿಬಲ್ ಮೇಲಿದ್ದರೆ ಆ 20 ವ್ಯಾಟಿಗೇ ಚೆನ್ನಾಗಿ ಕೇಳಿಸುತ್ತದೆ. ಸೆನ್ಸಿಟಿವಿಟಿ 3 ಡೆಸಿಬಲ್ ಜಾಸ್ತಿ ಇದ್ದರೆ ಅಷ್ಟೇ ಸದ್ದಿಗೆ ಅರ್ಧ ಪವರ್ ಸಾಕು. ಸ್ಟೀರಿಯೋದ ಸೆಟ್ಟಿಂಗಿನಲ್ಲಿ ಹೈಪಾಸ್ (ತೀರಾ ತಗ್ಗಿನ ಸದ್ದನ್ನು ತಡೆಯುವ ಫಿಲ್ಟರ್) ಇದ್ದರೆ 80 ಹರ್ಟ್ಸ್‌ಗೆ ಇಡಿ, 6.5 ಇಂಚಿನ ಕೋನ್ ಅದರ ಕೆಳಗೆ ಒದ್ದಾಡುವುದು ತಪ್ಪುತ್ತದೆ. ಆಮೇಲೆ ಯಕ್ಷಗಾನದ ಒಳ್ಳೆ ರೆಕಾರ್ಡಿಂಗ್ ಒಂದನ್ನು ಹಾಕಿ ಕೇಳಿ. ಚೆಂಡೆಯ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಬಂದು, ಅದರ ಕೆಳಗೆ ಮದ್ದಳೆಯೂ ಕೇಳಿಸಿದರೆ ಕೆಲಸ ಸರಿಯಾಗಿದೆ.

ಹಿಂದಿನ ಬಾಗಿಲಿಗೆ ಖರ್ಚು ಮಾಡಬೇಡಿ. ನಾವು ಕೂರುವುದು ಮುಂದೆ, ಹಾಡು ಬರಬೇಕಾದದ್ದೂ ಮುಂದಿನಿಂದಲೇ. ಆ ದುಡ್ಡನ್ನು ಮುಂದಿನ ಎರಡು ಬಾಗಿಲಿನ ಶೀಟಿಗೆ ಹಾಕಿ. ಬಿಚ್ಚಿದ ಹಳೆ ಸ್ಪೀಕರ್‌ಗಳನ್ನು ಹೊಸದರ ಡಬ್ಬದಲ್ಲೇ ತುಂಬಿ ಅಟ್ಟದ ಮೇಲಿಡಿ. ಕಾರು ಮಾರುವಾಗ ಅವನ್ನೇ ವಾಪಸ್ ಕೂರಿಸಿ ಹೊಸದನ್ನು ನೀವೇ ಇಟ್ಟುಕೊಳ್ಳಬಹುದು. ಕಪ್ಲರ್ ಹಾಕಿದ್ದರೆ ಅದಕ್ಕೆ ಅರ್ಧ ದಿನವೂ ಬೇಡ.