ಜೋಲಿಗೊಂದು ರಜಾಯಿ

ನಲವತ್ತೆರಡನೇ ವಯಸ್ಸಿಗೆ ನನಗೆ ಜೋಲಿಯಲ್ಲಿ ಮಲಗುವ ಹುಚ್ಚು ಹತ್ತಿತು. ಅಂಗಡಿಯವರು ಅದನ್ನು ಹ್ಯಾಮಕ್ ಅಂತ ಮಾರುತ್ತಾರೆ. ಎರಡು ಮರ, ನಡುವೆ ಬಟ್ಟೆ, ಅದರೊಳಗೆ ನಾನು. ಹೆಂಡತಿ ಕೇಳಿದ್ದು ಒಂದೇ ಮಾತು: "ತೂಗೋದಕ್ಕೆ ಯಾರು ಬರ್ತಾರ್ರೀ?"

ದೇವರಾಯನದುರ್ಗದ ತಪ್ಪಲಲ್ಲಿರುವ ಮಾವನ ತೋಟಕ್ಕೆ ಹೋದೆ. ತುಮಕೂರು ಸೀಮೆಯಲ್ಲಿ ತೆಂಗಿಗೇನು ಬರ? ಆದರೆ ತೆಂಗಿನ ಕೆಳಗೆ ಮಲಗೋಕೆ ತಲೆ ಗಟ್ಟಿ ಇರಬೇಕು. ಹಲಸು ಇದ್ದದ್ದು ಒಂದೇ ಮರ. ಹುಣಸೆಗೆ ಅತ್ತೆ ಒಪ್ಪಲಿಲ್ಲ, ಕಾರಣ ಹೇಳಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಎರಡು ಮಾವಿನ ಮರ, ಜೊತೆಗೆ ಕೆಂಜಿಗ.

ಡಿಸೆಂಬರ್ ರಾತ್ರಿ. ಮೇಲೆ ಎರಡು ಕಂಬಳಿ ಹೊದ್ದಿದ್ದರೂ ಬೆನ್ನು ಮಾತ್ರ ಮಂಜುಗಡ್ಡೆ. ಜೋಲಿಯಲ್ಲಿ ಚಳಿ ಬರೋದೇ ಕೆಳಗಿನಿಂದ ಅಂತ ಆಮೇಲೆ ಗೊತ್ತಾಯಿತು. ಪುಕ್ಕ ತುಂಬಿದ ರಜಾಯಿಯಲ್ಲೂ ಬೆಚ್ಚಗಿಡೋದು ಪುಕ್ಕ ಅಲ್ಲ, ಅದರ ನಡುವೆ ಸಿಕ್ಕಿಕೊಂಡ ಗಾಳಿ. ಜೋಲಿಯೊಳಗೆ ಹಾಸಿಕೊಂಡರೆ ಪುಕ್ಕ ನಮ್ಮ ಭಾರಕ್ಕೆ ಅಪ್ಪಚ್ಚಿಯಾಗುತ್ತೆ. ಹಾಗಾಗಿ ರಜಾಯಿಯನ್ನು ಜೋಲಿಯ ಹೊರಗೆ, ಕೆಳಗಡೆ ನೇತುಹಾಕಬೇಕು. ಅದಕ್ಕೆ ಅಂಡರ್‌ಕ್ವಿಲ್ಟ್ ಅಂತ ಹೆಸರು.

ಭಾವಮೈದ ಅಮೆರಿಕದಿಂದ ತಂದಿದ್ದ ಹಳೇ ಬಾತುಕೋಳಿ ಪುಕ್ಕದ ರಜಾಯಿ ಅಟ್ಟದ ಮೇಲಿತ್ತು. ಕ್ಯಾಲೆಂಡರ್ ಹಿಂದೆ ನಾನೇ ಡಿಸೈನ್ ಬರೆದೆ. ಮಂಡಿಪೇಟೆಯಿಂದ ಛತ್ರಿ ಬಟ್ಟೆ ತಂದೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಎರಡಿಂಚಿನ ಸೊಳ್ಳೆಪರದೆ ಪಟ್ಟಿ ನಿಲ್ಲಿಸಿ ಹೊಲಿಯಬೇಕು, ಆಗ ಪುಕ್ಕ ಉಬ್ಬೋಕೆ ಜಾಗ ಸಿಗುತ್ತೆ. ಬೀದಿಯ ಟೈಲರ್‌ಗೆ ಅರ್ಧ ಗಂಟೆ ವಿವರಿಸಿದೆ.

"ಏನ್ ಸಾರ್, ಕೋಳಿ ಪುಕ್ಕಾನಾ?"

"ಬಾತುಕೋಳಿದು ಅಣ್ಣಾ. ಎದೆ ಹತ್ರದ್ದು."

"ಮಿಕ್ಕಿದ್ದೇನು ಮಾಡಿದ್ರಿ?"

ಪುಕ್ಕ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಳ್ಳೇ ಜಾತಿಯ ಪುಕ್ಕ ಬರೀ 28 ಗ್ರಾಂ ಇದ್ದರೂ ಉಬ್ಬಿ ಹದಿಮೂರು ಲೀಟರ್ ಜಾಗ ಹಿಡಿಯುತ್ತೆ. ಇದನ್ನು ಓದಿದ್ದೆ. ಓದಿಯೂ ನಡುಮನೆಯಲ್ಲೇ ಹಳೇ ರಜಾಯಿ ಕತ್ತರಿಸಿದೆ. ಫ್ಯಾನ್ ಆರಿಸಿದ್ದೆ, ಅಷ್ಟು ಬುದ್ಧಿ ಇದೆ. ಆಗ ಕರೆಂಟ್ ಇರಲಿಲ್ಲ ಅನ್ನೋದು, ನಾನು ಒತ್ತಿದ ಸ್ವಿಚ್ಚು ಆರಿಸಿದ್ದಲ್ಲ, ಹಾಕಿದ್ದು ಅನ್ನೋದು ಕರೆಂಟ್ ಬಂದಾಗ ತಿಳಿಯಿತು. ಮೂರು ದಿನ ನಮ್ಮ ಸಾರಿನಲ್ಲಿ, ದೇವರ ದೀಪದಲ್ಲಿ, ಪಕ್ಕದ ಮನೆಯವರ ಹಪ್ಪಳದ ಮೇಲೆ ಬಾತುಕೋಳಿ ಇತ್ತು.

ಉಳಿದ ಪುಕ್ಕದಲ್ಲಿ ರಜಾಯಿ ಆಯಿತು. ನೋಡೋಕೆ ಚೆನ್ನಾಗಿತ್ತು. ಆದರೆ ಟೈಲರ್ ಸೊಳ್ಳೆಪರದೆ ಬಿಟ್ಟುಬಿಟ್ಟು ಎರಡೂ ಬಟ್ಟೆ ಸೇರಿಸಿ ನೇರ ಹೊಲಿಗೆ ಎಳೆದಿದ್ದರು. "ಒಳಗಡೆ ಯಾರಿಗೆ ಕಾಣ್ಸುತ್ತೆ ಸಾರ್?" ಸೂಜಿಯೂ ಪ್ಯಾಂಟ್ ಹೊಲಿಯುವ ದಪ್ಪ ಸೂಜಿ. ಪ್ರತಿ ತೂತಿನಿಂದಲೂ ಒಂದೊಂದು ಪುಕ್ಕ ಇಣುಕುತ್ತಿತ್ತು. ಒಂದನ್ನು ಎಳೆದರೆ ಹಿಂದೆ ಮೂರು.

ಆ ರಾತ್ರಿ ಮತ್ತೆ ಮಾವಿನ ಮರ. ಹೊಲಿಗೆ ಇರುವ ಕಡೆ ಪುಕ್ಕ ಇಲ್ಲ, ಪುಕ್ಕ ಇಲ್ಲದ ಕಡೆ ಚಳಿ. ರಜಾಯಿಗೆ ಆರು ಹೊಲಿಗೆ, ನನ್ನ ಬೆನ್ನಿಗೆ ಆರು ಪಟ್ಟೆ ಚಳಿ, ಅಳತೆ ಪಕ್ಕಾ. ಎರಡು ಗಂಟೆಗೆ ಎದ್ದು ಅದನ್ನು ಜಗಲಿ ಮೂಲೆಯ ಕುಕ್ಕೆಗೆ ತುರುಕಿ, ಒಳಗೆ ಹೋಗಿ ಚಾಪೆ ಹಾಸಿಕೊಂಡೆ. ಮಾವ ಕಣ್ಣು ಬಿಡದೆ ಕಂಬಳಿ ಇತ್ತ ಎಸೆದರು.

ಮುಂದಿನ ಭಾನುವಾರ ತರೋಣ ಅಂತ ಹೋದರೆ ಕುಕ್ಕೆಯಿಂದ ಒಂದು ಕೊಕ್ಕು ಬಂದು ಕೈಗೆ ಕುಕ್ಕಿತು.

"ಎಬ್ಬಿಸಬ್ಯಾಡಿ ಅಳಿಯಂದ್ರೇ," ಅತ್ತೆ ಒಳಗಿನಿಂದ ಕೂಗಿದರು. "ಹ್ಯಾಟೆ ಕಾವು ಕೂತೈತೆ. 21 ದಿನ ಆಗ್ಲಿ."

ಬಾತುಕೋಳಿ ತನ್ನ ಎದೆಯ ಪುಕ್ಕ ಕಿತ್ತು ಹಾಸೋದೂ ಮೊಟ್ಟೆಗೇ ಅಲ್ವಾ? ವಾದ ಮಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಒಂಬತ್ತು ಮರಿ ಬಂದವು. ಕುಕ್ಕೆಯಲ್ಲಿ ಈಗ ಇನ್ನೊಂದು ಹ್ಯಾಟೆ ಕೂತಿದೆ. ಮೊನ್ನೆ ಟೈಲರ್ ಸಿಕ್ಕಿ, "ಸಾರ್, ರಜಾಯಿ ಬೆಚ್ಚಗಿದ್ಯಾ?" ಅಂದರು.

"ಬೆಚ್ಚಗಿದೆಯಂತೆ" ಅಂದೆ.