ಆಯ್ಕೆ ನಿಮ್ಮದೇ, ಆದ್ರೆ ಸರ್ ಹೇಳಿದ್ದನ್ನೇ ತಗೊಳ್ಳಿ

ಬಿ.ಎ. ಓದುವವನಿಗೆ ಒಂದಿಷ್ಟು ವಿಜ್ಞಾನದ ಗಾಳಿ ಸೋಕಬೇಕು. ಬಿ.ಎಸ್ಸಿ. ಓದುವವಳಿಗೆ ಸಾಹಿತ್ಯ, ಸಂವಿಧಾನ ಗೊತ್ತಿರಬೇಕು. ಎಲ್ಲರಿಗೂ ಪರಿಸರ, ಯೋಗ, ಕಂಪ್ಯೂಟರು ಇರಬೇಕು. ಕೇಳೋಕೆ ಎಷ್ಟು ಚೆಂದ ಅಲ್ವಾ? ನನಗೂ ಇದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಈ ಚೆಂದದ ಮಾತು ಬೆಂಗಳೂರಿನಲ್ಲಿ ರೈಲು ಹತ್ತಿ ಕಲಬುರಗಿ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಏನಾಗಿರುತ್ತದೆ ಅನ್ನುವುದರ ಬಗ್ಗೆ.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿಗೆ ದೇಶದಲ್ಲೇ ಮೊದಲು ತಂದವರು ನಾವು. ಬೇರೆ ರಾಜ್ಯದವರು ಇನ್ನೂ ನೀತಿಯ ಪುಸ್ತಕದ ಪುಟ ತಿರುವುತ್ತಿದ್ದರು, ನಮ್ಮಲ್ಲಿ ಆಗಲೇ ಅಡ್ಮಿಷನ್ ಶುರು. ಮುಖ್ಯ ವಿಷಯಗಳ ಜೊತೆಗೆ ಮೊದಲ ನಾಲ್ಕು ಸೆಮಿಸ್ಟರಿಗೂ ಒಂದೊಂದು ಓಪನ್ ಎಲೆಕ್ಟಿವ್, ಅದಕ್ಕೆ ಮೂರು ಕ್ರೆಡಿಟ್. ನಿಮ್ಮ ವಿಭಾಗ ಬಿಟ್ಟು ಬೇರೆ ಕಡೆಯಿಂದ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ ಅಂತ ಹೇಳಿದರು.

ನನ್ನ ತಂಗಿಯ ಮಗಳು ಆರಿಸಿಕೊಳ್ಳೋಕೆ ಹೋದಳು. ನಾನೂ ಜೊತೆಗಿದ್ದೆ. ಕಾಲೇಜಿನ ಹೆಸರು ಬೇಡ, ಈ ಕಡೆ ಎಲ್ಲ ಕಾಲೇಜಿನ ಕೌಂಟರೂ ಒಂದೇ ತರಹ ಇರುತ್ತದೆ: ಒಂದು ಕಿಟಕಿ, ಅದರ ಮುಂದೆ ನೂಕುನುಗ್ಗಲು, ಒಳಗೆ ಫ್ಯಾನಿನ ಕೆಳಗೆ ಒಬ್ಬ ಗುಮಾಸ್ತರು. ಹುಡುಗಿ ಮೊಬೈಲಿನಲ್ಲಿ ಪಟ್ಟಿ ನೋಡಿಕೊಂಡು ಬಂದಿದ್ದಳು. ಆಹಾರ ಮತ್ತು ಪೌಷ್ಟಿಕತೆ ಬೇಕು ಅಂದಳು.

"ಅದು ಪಟ್ಟಿಯಾಗ ಅದ, ಕಾಲೇಜಿನಾಗ ಇಲ್ಲವ್ವ."

"ಹಂಗಾದ್ರ ಪತ್ರಿಕೋದ್ಯಮ ಕೊಡ್ರಿ ಸರ್."

"ಅದಕ್ಕ ಮಾಸ್ತರು ಇಲ್ಲ. ಸಮಾಜಶಾಸ್ತ್ರ ತಗೋ. ಸರ್‌ಗೆ ತಾಸು ಕಮ್ಮಿ ಬಿದ್ದಾವ."

ಇಷ್ಟು ಪ್ರಾಮಾಣಿಕವಾಗಿ ಉನ್ನತ ಶಿಕ್ಷಣದ ತತ್ವ ಹೇಳಿದವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ನೂರಾರು ಪುಟದ ನೀತಿಯಲ್ಲಿ ಬಹುಶಿಸ್ತೀಯ, ಸಮಗ್ರ, ಸರ್ವತೋಮುಖ ಅಂತೆಲ್ಲ ಏನೇನೋ ಇದೆ, ಆದರೆ ಒಬ್ಬ ವಿದ್ಯಾರ್ಥಿ ಯಾವ ಹೆಚ್ಚುವರಿ ವಿಷಯ ಓದಬೇಕು ಅನ್ನುವುದು ಕೊನೆಗೆ ಯಾರ ಟೈಮ್‌ಟೇಬಲ್ ಖಾಲಿ ಇದೆ ಅನ್ನುವುದರ ಮೇಲೆ ನಿಂತಿದೆ.

ಆ ಸರ್ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ನಮ್ಮ ಭಾಗದ ಸರ್ಕಾರಿ ಡಿಗ್ರಿ ಕಾಲೇಜುಗಳು ನಡೆಯುವುದೇ ಅತಿಥಿ ಉಪನ್ಯಾಸಕರಿಂದ. ಹತ್ತಾರು ವರ್ಷ ಇದ್ದರೂ ಅವರು ಅತಿಥಿಗಳೇ. 2022ರಲ್ಲಿ ಅವರ ಗೌರವಧನ ಜಾಸ್ತಿ ಮಾಡಿದ ಸರ್ಕಾರ ವಾರಕ್ಕೆ 15 ತಾಸು ಪಾಠ ಇರಬೇಕು ಅಂತಲೂ ಗೊತ್ತು ಮಾಡಿತು. ತಾಸು ಕಮ್ಮಿಯಾದರೆ ಹೊಟ್ಟೆಗೆ ಹೊಡೆತ. ಹಾಗಾಗಿ ಹುಡುಗಿಯ ಜ್ಞಾನದ ಹಸಿವು ಸರ್ ಮನೆಯ ರೊಟ್ಟಿಗೆ ದಾರಿ ಬಿಡಲೇಬೇಕು. ಬಿಟ್ಟಳು. ಸಮಾಜಶಾಸ್ತ್ರ ಸಿಕ್ಕಿತು. ಸಮಾಜದ ಬಗ್ಗೆ ಅರ್ಧ ಪಾಠ ಕೌಂಟರಿನಲ್ಲೇ ಆಗಿತ್ತು ಬಿಡಿ.

ಇನ್ನು ಡಿಜಿಟಲ್ ಫ್ಲೂಯೆನ್ಸಿ. ಎರಡು ಕ್ರೆಡಿಟ್. ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್, ಬಿಗ್ ಡೇಟಾ, ಕ್ಲೌಡ್ ಕಂಪ್ಯೂಟಿಂಗ್, ಸೈಬರ್ ಭದ್ರತೆ ಎಲ್ಲವೂ ಒಂದೇ ಚಿಕ್ಕ ಪೇಪರಿನಲ್ಲಿ. ಬಿ.ಎ. ಮಕ್ಕಳಿಗೆ ಇದನ್ನು ಕಲಿಸೋಕೆ ನಿಂತವರು ಪಾಪ ಬೇರೆ ವಿಷಯದ ಮೇಡಂ. ಲ್ಯಾಬ್ ಇತ್ತು, ಆದರೆ ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ರಜೆ ಮುಗಿಸಿ ಬಂದಾಗ ಕರೆಂಟ್ ಇರಲಿಲ್ಲ. ಕೊನೆಗೆ ಮೇಡಂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೋಡ ಬರೆದರು. ಮೋಡದಿಂದ ಕೆಳಗೆ ನಾಲ್ಕು ಗೆರೆ ಎಳೆದರು, ಪ್ರತಿ ಗೆರೆಯ ತುದಿಗೆ ಒಂದೊಂದು ಡಬ್ಬಿ. ಡಬ್ಬಿ ಅಂದರೆ ಕಂಪ್ಯೂಟರ್. ಹುಡುಗಿಯರು ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದುಕೊಂಡರು, ನಮ್ಮವಳು ಮೋಡಕ್ಕೆ ನೀಲಿ ಪೆನ್ನಿನಲ್ಲಿ ಶೇಡಿಂಗ್ ಕೂಡ ಮಾಡಿದ್ದಾಳೆ, ನಾನೇ ನೋಡಿದೆ. ಕಲಬುರಗಿಯಲ್ಲಿ ಮೋಡ ಕಾಣುವುದೇ ಅಪರೂಪ, ಆ ಲೆಕ್ಕದಲ್ಲಿ ಇದೂ ಒಂದು ಸಾಧನೆ.

ಪರಿಸರ ಅಧ್ಯಯನದ ಕಥೆ ಇನ್ನೂ ಹಳೆಯದು. 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಅಂತ ಹೇಳಿದ್ದರಿಂದ ಬಂದ ಪೇಪರು ಇದು. ಕೋರ್ಟಿನ ಆಸೆ ದೊಡ್ಡದಿತ್ತು. ಇಲ್ಲಿ ಅದು ಝೆರಾಕ್ಸ್ ಅಂಗಡಿಯಲ್ಲಿ ಸಿಗುವ, ಸ್ಟೇಪ್ಲರ್ ಪಿನ್ ಹೊಡೆದ ಕೆಲವೇ ಹಾಳೆಯ ನೋಟ್ಸಾಗಿ ಉಳಿದಿದೆ. ಪರೀಕ್ಷೆಯ ಹಿಂದಿನ ಸಂಜೆ ಹೋಗಿ ನೋಡಿ, "ಇವಿಎಸ್ ಐತೇನ್ರಿ ಅಣ್ಣ" ಅಂತ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಹುಡುಗರೂ ಇರುತ್ತಾರೆ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದಿಂದ ನೀರು ಬಿಟ್ಟು ಭೀಮಾ ಉಕ್ಕಿದಾಗ ಇವರ ಹೊಲದ ತೊಗರಿ ನೀರಿನಲ್ಲಿ ನಿಂತಿತ್ತು. ಪ್ರವಾಹ ಹೇಗೆ ಬರುತ್ತದೆ, ಯಾವ ಡ್ಯಾಮಿನಿಂದ ಬರುತ್ತದೆ, ಬೆಳೆ ಪರಿಹಾರ ಯಾಕೆ ಬರುವುದಿಲ್ಲ, ಎಲ್ಲ ಗೊತ್ತು ಇವರಿಗೆ. ಆದರೂ "ಪ್ರವಾಹದ ಕಾರಣಗಳನ್ನು ವಿವರಿಸಿ" ಅನ್ನುವ ಪ್ರಶ್ನೆಗೆ ದುಡ್ಡು ಕೊಟ್ಟು ಉತ್ತರ ತಗೊಂಡು ಹೋಗ್ತಾರೆ. ಯಾಕಂದ್ರೆ ಅಪ್ಪನ ಹೊಲದ ಉತ್ತರ ಬರೆದರೆ ಮಾರ್ಕ್ಸ್ ಬೀಳುತ್ತೋ ಇಲ್ಲವೋ ಅನ್ನುವ ಭಯ.

ಮೊನ್ನೆ ಬೀದರಿಗೆ ಹೋದಾಗ ಮಹಮೂದ್ ಗವಾನನ ಮದರಸಾ ಮುಂದೆ ನಿಂತು ಇದನ್ನೇ ಯೋಚಿಸಿದೆ. ಆ ಮನುಷ್ಯ ಇರಾನಿನ ಗಿಲಾನಿನಿಂದ ಬಂದ ವ್ಯಾಪಾರಿ, ಆಮೇಲೆ ಬಹಮನಿ ರಾಜ್ಯದ ಮಂತ್ರಿ, ಯುದ್ಧಕ್ಕೂ ಹೋದ, ಕಾಗದ ಬರೆಯುವುದರಲ್ಲೂ ಹೆಸರು ಮಾಡಿದ, 1472ರಲ್ಲಿ ಇಷ್ಟು ದೊಡ್ಡ ವಿದ್ಯಾಲಯ ಕಟ್ಟಿಸಿದ. ಈಗ ಅವನೇ ಬಂದು ಅರ್ಜಿ ಹಾಕಿದರೆ? "ಈ ಕಾಂಬಿನೇಷನ್ ಲಭ್ಯವಿಲ್ಲ" ಅಂತ ಪೋರ್ಟಲ್ ಕೆಂಪು ಅಕ್ಷರ ತೋರಿಸುತ್ತದೆ, ಅಷ್ಟೇ. ಯೋಗ ತಗೊಳ್ಳಪ್ಪ ಅಂತ ಗುಮಾಸ್ತರು ಸಮಾಧಾನ ಹೇಳ್ತಾರೆ. ಅದೂ ಬೆಂಚಿನ ಮೇಲೆ ಕೂತು ಬರೆಯುವ ಯೋಗ.

ಈ ಎಲ್ಲ ಸಂಭ್ರಮ ಮೂರು ವರ್ಷ ನಡೆಯಿತು. ಸರ್ಕಾರ ಬದಲಾಯಿತು, ರಾಜ್ಯಕ್ಕೇ ಬೇರೆ ಶಿಕ್ಷಣ ನೀತಿ ಬರೆಯೋಕೆ ಆಯೋಗ ಕೂತಿತು, 2024-25ರಿಂದ ನಾಲ್ಕು ವರ್ಷದ ಆನರ್ಸ್ ಹೋಗಿ ಮತ್ತೆ ಹಳೆಯ ಮೂರು ವರ್ಷದ ಡಿಗ್ರಿ, ಹೊಸ ಪಠ್ಯಕ್ರಮ. ತಂದವರೂ ನಾವೇ ಮೊದಲು, ಕೈಬಿಟ್ಟವರೂ ನಾವೇ. ಮಜಾ ಏನಂದ್ರೆ ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಅಕ್ಕ ಒಂದು ನೀತಿ, ತಮ್ಮ ಇನ್ನೊಂದು ನೀತಿ. ಅಕ್ಕನ ನೋಟ್ಸ್ ತಮ್ಮನಿಗೆ ಬರಲಿಲ್ಲ. ಬಡವರ ಮನೆಯಲ್ಲಿ ಪುಸ್ತಕ ಕೈಬದಲಾಗುವುದು ಎಂಥ ಉಳಿತಾಯ ಅಂತ ಆಯೋಗದವರಿಗೂ ಹೊಳೆಯಲಿಲ್ಲ, ಅದಕ್ಕೂ ಮುಂಚೆ ಇದ್ದವರಿಗೂ ಹೊಳೆದಿರಲಿಲ್ಲ.

ಈ ಕೈಬಿಟ್ಟ ಸ್ಕೀಮಿನಲ್ಲಿ ಫೇಲಾದವರ ಪಾಡಂತೂ ಕೇಳಲೇಬೇಡಿ. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ ನನಗೆ ಗೊತ್ತಿರುವ ಹುಡುಗನೊಬ್ಬ ಇದ್ದಾನೆ. ಇತಿಹಾಸ ಪಾಸು, ರಾಜ್ಯಶಾಸ್ತ್ರ ಪಾಸು, ಡಿಜಿಟಲ್ ಫ್ಲೂಯೆನ್ಸಿ ಮಾತ್ರ ಬ್ಯಾಕ್‌ಲಾಗ್. ಅದೊಂದಕ್ಕೆ ಡಿಗ್ರಿ ನಿಂತಿದೆ. ಈಗ ಆ ಪೇಪರನ್ನು ಯಾರೂ ಪಾಠ ಮಾಡುವುದಿಲ್ಲ, ನೋಟ್ಸ್ ಅಂಗಡಿಯವರೂ ಮಾರುವುದು ಬಿಟ್ಟಿದ್ದಾರೆ. ಹೊಟ್ಟೆಪಾಡಿಗೆ ಏನು ಮಾಡ್ತಾನೆ ಅಂತೀರಾ? ಬಸ್‌ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಪಹಣಿ, ರೇಷನ್ ಕಾರ್ಡು, ಸ್ಕಾಲರ್‌ಶಿಪ್ಪು, ಬೆಳೆ ವಿಮೆ, ಸುತ್ತಲಿನ ಊರಿನವರ ಅರ್ಜಿಯೆಲ್ಲ ಅವನೇ ತುಂಬುವುದು. ಸರ್ವರ್ ಯಾವಾಗ ಕೈಕೊಡುತ್ತದೆ, ರಾತ್ರಿ ಎಷ್ಟು ಗಂಟೆಗೆ ಸಲೀಸಾಗಿ ಓಡುತ್ತದೆ ಅಂತ ಅವನಷ್ಟು ತಿಳಿದವರಿಲ್ಲ. ಅವನ ಕಾಲೇಜಿನವರೇ ಮಕ್ಕಳ ಪರೀಕ್ಷೆ ಅರ್ಜಿ ಪೋರ್ಟಲಿನಲ್ಲಿ ಸಿಕ್ಕಿಹಾಕಿಕೊಂಡಾಗ ಅವನಿಗೇ ಫೋನ್ ಮಾಡ್ತಾರೆ.

ಈ ಸಲ ರಿಪೀಟರ್ ಅರ್ಜಿ ಹಾಕಿದ್ಯಾ ಅಂತ ಕೇಳಿದೆ. "ಹಾಕೀನಿ ಮಾಮಾ," ಅಂದ, "ಮಂದಿದೆಲ್ಲ ತುಂಬಿ ಮುಗಿಸೋದ್ರಾಗ ಲೇಟಾತು. ದಂಡ ಕಟ್ಟೀನಿ."