ಸತ್ಯಾಂಶ: ಸರ್ಕಾರ ಬದಲಾದರೆ ಹಳೆಯ ನೀತಿಯೆಲ್ಲ ಹೋಗುತ್ತಾ?

ಚಿಕ್ಕಮಗಳೂರಿನ ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಪ್ರತಿ ಚುನಾವಣೆ ಮುಗಿದಾಗಲೂ ಒಂದೇ ಧಾಟಿಯ ಮೆಸೇಜು ಬರುತ್ತದೆ. ಹಳೆಯವರ ಆರ್ಥಿಕ ನೀತಿಯೆಲ್ಲ ರದ್ದು, ಇನ್ನು ಎಲ್ಲವೂ ಮೊದಲಿಂದ ಅಂತ. ಕಳಿಸುವವರ ತಪ್ಪೇನಿಲ್ಲ. ಭಾಷಣ ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ?

ಆದರೆ ಅದು ನಿಜವಲ್ಲ. ಸರ್ಕಾರ ಹೋದರೂ ಕಾನೂನು ಹೋಗುವುದಿಲ್ಲ. ಹಿಂದಿನವರ ಸಾಲ, ಬಡ್ಡಿ, ಅರ್ಧಕ್ಕೆ ನಿಂತ ಕಾಮಗಾರಿ ಎಲ್ಲವೂ ಹೊಸಬರ ಹೆಗಲಿಗೇ ಬೀಳುತ್ತವೆ.

ನಮ್ಮ ಕಾಫಿಯನ್ನೇ ನೋಡಿ. ಮೊದಲು ಬೆಳೆದದ್ದನ್ನೆಲ್ಲ ಸರ್ಕಾರಿ ಪೂಲ್‌ಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಕಾಫಿ ಮಂಡಳಿಯೇ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. 1990ರ ದಶಕದ ಶುರುವಿನಲ್ಲಿ ಒಂದು ಪಾಲನ್ನು ಹೊರಗೆ ಮಾರಲು ಬಿಟ್ಟರು. 1996ರಲ್ಲಿ ಪೂರ್ತಿ ಬಿಟ್ಟರು. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರವೇ ಬದಲಾಗಿತ್ತು! ಆಮೇಲೆ ಎಷ್ಟೋ ಪಕ್ಷಗಳು ಬಂದು ಹೋದವು, ಪೂಲ್ ಮಾತ್ರ ವಾಪಸ್ ಬರಲಿಲ್ಲ. ಜಿಎಸ್‌ಟಿಯೂ ಅಷ್ಟೇ. 2006ರ ಬಜೆಟ್‌ನಲ್ಲಿ ಮಾತು ಬಂತು, 2011ರಲ್ಲಿ ಒಂದು ಮಸೂದೆ, ಜಾರಿಯಾದದ್ದು 2017ರ ಜುಲೈ 1ಕ್ಕೆ. (ಹಾಸನ–ಬೆಂಗಳೂರು ಹೊಸ ರೈಲು ಮಾರ್ಗ ಎಷ್ಟು ಸರ್ಕಾರಗಳನ್ನು ಕಂಡು ಮುಗಿಯಿತು ಅಂತ ಹಾಸನದವರನ್ನೇ ಕೇಳಿ.)

ಏನೂ ಬದಲಾಗುವುದಿಲ್ಲ ಅಂತಲ್ಲ. ಹೆಸರು, ದರ, ಅನುದಾನ ಬದಲಾಗುತ್ತವೆ. ಸದನ ಒಪ್ಪಿದರೆ ಕಾನೂನೂ ರದ್ದಾಗುತ್ತದೆ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ಕಾಯ್ದೆಯ ಹೆಸರಿನ ಜೊತೆಗೇ ಅದರ ಇಸವಿ ಇರುತ್ತದೆ. ಬಜೆಟ್ ಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಈ ವರ್ಷದ ಅಂಕಿಯ ಪಕ್ಕದಲ್ಲೇ ಹಿಂದಿನ ವರ್ಷದ್ದೂ ಇರುತ್ತದೆ. ಆ ಕಾಲಂನಲ್ಲಿ ದುಡ್ಡು ಕಂಡರೆ, ಯೋಜನೆ ನಿನ್ನೆ ಮೊನ್ನೆಯದಲ್ಲ. ಕಾಲಂ ಖಾಲಿ ಇದ್ದರೆ, ಹಳೆಯದೇ ಹೊಸ ಹೆಸರಲ್ಲಿ ಬಂದಿದೆಯಾ ಅಂತ ಒಮ್ಮೆ ನೋಡಿ.